ದಿಂಬಿನ ಕೆಳಗಿನ ಬಿಲ್ಲೆ

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅನಿತಾ ಬ್ಯಾಗಿನೊಳಗೆ ಕೈಹಾಕಿ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡಳು. ಇತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ, ಅದಕ್ಕೇನು ಕಾಲು ಬಂದಿದೆಯೇ ಎಂದು ತನ್ನನ್ನೇ ಬೈದುಕೊಂಡಳು. ಟಿಫನ್ ಬಾಕ್ಸಿನ ಪಕ್ಕದಲ್ಲಿ, ಒಂಬತ್ತನೇ ತರಗತಿಯ ಮಕ್ಕಳು ಬರೆದ ಚಿತ್ರಗಳ ಕೆಳಗೆ, ಹಳೆಯ ಕರ್ಚೀಫಿನಲ್ಲಿ ಸುತ್ತಿದ್ದ ಆ ಕಬ್ಬಿಣದ ಬಿಲ್ಲೆ, ಅಂಗೈಯಗಲದ್ದು, ಬಿಸಿಲಿನಲ್ಲಿ ಇಷ್ಟು ದೂರ ಬಂದರೂ ತಣ್ಣಗೇ ಇತ್ತು. ಬೆಳಿಗ್ಗೆ ತಮ್ಮನ ಹೆಂಡತಿ ಸುನೀತಾ ನೀರು ಹಾಕಿಸಿಕೊಳ್ಳಲು ಬಚ್ಚಲಿಗೆ ಹೋಗಿದ್ದಾಗ, ಅವ್ವ ಒಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದಾಗ, ಅನಿತಾ ಕೂಸಿನ ತಲೆದಿಂಬಿನ ಕೆಳಗೆ ಕೈಹಾಕಿ ಅರಿಶಿನದ ಬಟ್ಟೆಯ ಗಂಟು ಎಳೆದುಕೊಂಡು, ಬಿಲ್ಲೆ ತೆಗೆದು, ಆ ಬಟ್ಟೆಯಲ್ಲೇ ಒಂದು ದಪ್ಪ ವಾಷರ್ ಕಟ್ಟಿ ಇದ್ದ ಜಾಗದಲ್ಲೇ ಇಟ್ಟಿದ್ದಳು. ತಮ್ಮ ಓಂಕಾರನ ಟ್ರ್ಯಾಕ್ಟರ್ ಸಾಮಾನಿನ ಡಬ್ಬಿಯಿಂದ ಅದನ್ನು ಹಿಂದಿನ ದಿನವೇ ಆರಿಸಿಟ್ಟುಕೊಂಡಿದ್ದಳು. ಹುಟ್ಟಿ ಒಂದು ವಾರವಾಗಿದ್ದ ಕೂಸು ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು. ಅದರ ಮುಖ ನೋಡದೆ ಎದ್ದುಬಂದಳು. ಅವ್ವನಿಗೆ ಟ್ರೈನಿಂಗ್ ಇದೆ ಎಂದಳು, ಹೆಡ್ಮೇಷ್ಟರಿಗೆ ಹೊಟ್ಟೆನೋವು ಎಂದು ಮೆಸೇಜು ಹಾಕಿದಳು. ಡ್ರಾಯಿಂಗ್ ಟೀಚರು ಬರದಿದ್ದರೆ ಆ ಪೀರಿಯಡ್ಡಿನಲ್ಲಿ ಗಣಿತ ಮಾಡುತ್ತಾರೆ, ಎಲ್ಲರಿಗೂ ಸಂತೋಷವೇ.

ಮನೆಯಲ್ಲಿ ಅದಕ್ಕೆ ಅಜ್ಜನ ಬಿಲ್ಲೆ ಎಂದು ಹೆಸರು. ಅಜ್ಜ ಗಿಡ್ಡಪ್ಪ ಬರ್ಮಾದ ಯುದ್ಧಕ್ಕೆ ಹೋಗಿ ನ್ಯಾಮತಿಗೆ ತಿರುಗಿ ಬಂದಾಗ ತಂದದ್ದು ಒಂದು ಕಂಬಳಿ, ಒಂದು ಮಗ್ಗು ಮತ್ತು ಇದು. ನಟ್ಟನಡುವೆ ಉದ್ದನೆಯ ಸೀಳು, ಅದರ ಅಕ್ಕಪಕ್ಕ ಒಂದೊಂದು ಸಣ್ಣ ಕಿಂಡಿ, ಸುತ್ತ ಕಬ್ಬಿಣವನ್ನೇ ಕೊರೆದು ತೆಗೆದು ಉಳಿಸಿದ ಏನೇನೋ ಗೆರೆಗಳು. ಆಗ ಅಜ್ಜಿಗೆ ಎರಡು ಕೂಸು ಹುಟ್ಟಿ ಕೈಬಿಟ್ಟು ಹೋಗಿದ್ದವಂತೆ. ಬಾಣಂತಿಯ ಮಗ್ಗುಲಲ್ಲಿ ಕಬ್ಬಿಣ ಇರಬೇಕು, ಗಾಳಿ ಸೋಕಬಾರದು ಎಂದು ಊರೆಲ್ಲ ಕುಡುಗೋಲೋ ಅಡಕೊತ್ತೋ ಇಡುತ್ತದೆ. ಮೂರನೆಯ ಹೆರಿಗೆಗೆ ಅಜ್ಜಿ ಸಿಟ್ಟು ಬಂದು ಕುಡುಗೋಲನ್ನು ಹಿತ್ತಲಿಗೆ ಎಸೆದು ಈ ಬಿಲ್ಲೆಯನ್ನು ಇಟ್ಟಳು. ಆ ಕೂಸು ಉಳಿಯಿತು. ಅದೇ ಅನಿತಾಳ ಅಪ್ಪ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಹುಟ್ಟಿದ ಕೂಸುಗಳ ದಿಂಬಿನ ಕೆಳಗೆಲ್ಲ ಅದೇ ಬಿಲ್ಲೆ. ಹೆರಿಗೆಯಾದ ದಿನ ಹುಣಸೆಹಣ್ಣು ಬೂದಿ ಹಾಕಿ ಫಳಫಳ ಅನ್ನುವ ಹಾಗೆ ತಿಕ್ಕಬೇಕು, ಅರಿಶಿನ ಬಳಿಯಬೇಕು, ಬಟ್ಟೆಯಲ್ಲಿ ಕಟ್ಟಬೇಕು. ಅಜ್ಜ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಕುಡಿದ ಒಂದು ದಿನ ಅಜ್ಜಿಗೆ ಹೇಳಿದ್ದನಂತೆ, ಆತ ಮರಕ್ಕೆ ಒರಗಿ ಕೂತಿದ್ದ ಕಣೇ, ಕಾಲಾಗೆ ಬೂಟು ಇರ್ಲಿಲ್ಲ, ಕಣ್ಣು ಬಿಟ್ಕಂಡೇ ಇದ್ದ, ಅಂತ. ಸತ್ತಿದ್ದನೋ ಬದುಕಿದ್ದನೋ ಅಜ್ಜಿ ಕೇಳಲಿಲ್ಲ. ಕೇಳಬಾರದ್ದನ್ನು ಕೇಳದೆ ಸಂಸಾರ ಮಾಡಿದವಳು ಅವಳು.

ಅನಿತಾ ಕೇಳದೆ ಇರಲಾರಳು, ಅದೇ ಅವಳ ಕೇಡು. ಅವಳನ್ನು ಕೊಟ್ಟದ್ದು ಜಗಳೂರಿಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಕೂಸಾಯಿತು, ಹೋಳಿಗೆ ಮಾಡಿ ತೊಟ್ಟಿಲಿಗೆ ಹಾಕಲು ದಿನವೂ ಗೊತ್ತಾಯಿತು. ಒಂದು ಮುಂಜಾನೆ ಎಚ್ಚರವಾದಾಗ ಮಗ್ಗುಲಲ್ಲಿದ್ದ ಕೂಸು ಬಿಸಿಯಿರಲಿಲ್ಲ. ಕೆಲವು ಕೂಸುಗಳಿಗೆ ಹಾಗೇ ಆಗಿಬಿಡುತ್ತದೆ, ಕಾರಣ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಕಾರಣವಿಲ್ಲದ ಸಾವನ್ನು ಯಾರು ಒಪ್ಪುತ್ತಾರೆ? ಮಣ್ಣು ಮಾಡಿ ಬಂದ ಸಂಜೆಯೇ ಜಗಳೂರಿನಿಂದ ಬಂದ ಅತ್ತೆ ಪಡಸಾಲೆಯಲ್ಲಿ ಕೂತು, ಗೋಡೆಗೆ ಹೇಳುವಂತೆ ಹೇಳಿದಳು: ಮಲಗಿಕೊಂಡು ಮೊಲೆ ಕೊಟ್ಟಿರ್ತಾಳೆ, ನಿದ್ದೆ ಹತ್ತಿರ್ತೈತೆ, ಎಳೇ ಕೂಸಿಗೆ ಉಸಿರು ಎಲ್ಲಿಂದ ಬರ್ಬೇಕು. ಆಮೇಲೆ ಬೀದಿಯಲ್ಲೂ ಅದೇ ಮಾತು, ಸೋದರತ್ತೆಯರ ಬಾಯಲ್ಲೂ ಅದೇ ಮಾತು. ಗಂಡ ಯರ್ರಿಸ್ವಾಮಿ ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಭಾನುವಾರಕ್ಕೊಮ್ಮೆ ಬರುತ್ತಿದ್ದವನು ಹಬ್ಬಕ್ಕೊಮ್ಮೆ ಬರುವವನಾದ. ಅವಳು ನ್ಯಾಮತಿಯ ಶಾಲೆಯಲ್ಲಿ ಕೆಲಸ ಹಿಡಿದು ತವರಲ್ಲೇ ಉಳಿದಳು. ಇಡೀ ಲೋಕದಲ್ಲಿ ಆ ಮಾತನ್ನು ಆಡದವಳು, ಕಣ್ಣಿನಲ್ಲೂ ಕೇಳದವಳು ಅವ್ವ ದುರುಗಮ್ಮ ಒಬ್ಬಳೇ. ಯಾರಾದರೂ ಶುರುಮಾಡಿದರೆ, ಬಿಡ್ರಿ, ನನ್ ಮಗಳ ತಪ್ಪಿಲ್ಲ ಅದ್ರಾಗೆ, ಎಂದು ಎದ್ದು ಹೋಗುತ್ತಿದ್ದಳು. ಆ ಒಂದು ಮಾತನ್ನು ಊರುಗೋಲು ಮಾಡಿಕೊಂಡೇ ಅನಿತಾ ಇಷ್ಟು ವರ್ಷ ನಡೆದದ್ದು. ಆದರೆ ಒಳಗೆ ಅವಳಿಗೆ ಗೊತ್ತಿದ್ದದ್ದು ಏನೆಂದರೆ, ಆ ರಾತ್ರಿ ಮಲಗಿಕೊಂಡು ಹಾಲು ಕೊಟ್ಟದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ನಿದ್ದೆ ಹೋದವಳಿಗೆ ನಿದ್ದೆಯಲ್ಲಿ ಏನು ಮಾಡಿದೆ ಎಂದು ಹೇಗೆ ಗೊತ್ತಾಗಬೇಕು? ಕೂಸನ್ನು ಕೊಂದದ್ದು ನಾನೋ, ಅಥವಾ ನನ್ನದಲ್ಲದ ಇನ್ನೊಂದೋ? ಊಟ ಮಾಡುವಾಗ, ಮಕ್ಕಳ ಚಿತ್ರಕ್ಕೆ ಮಾರ್ಕು ಹಾಕುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಅವಳಿಗೆ ಇದ್ದದ್ದು ಇದೊಂದೇ ಪ್ರಶ್ನೆ.

ಹೋದ ವರ್ಷ ಮಕ್ಕಳಿಗೆ ವೃತ್ತದೊಳಗಿನ ವಿನ್ಯಾಸ ಕಲಿಸಲು ಫೋನಿನಲ್ಲಿ ಚಿತ್ರ ಹುಡುಕುತ್ತಿದ್ದಾಗ ಅಜ್ಜನ ಬಿಲ್ಲೆಯ ಅಣ್ಣತಮ್ಮಂದಿರಂಥವು ಸಾಲಾಗಿ ಬಂದವು. ಜಪಾನಿನ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಇರುವ ಬಿಲ್ಲೆ. ಕತ್ತಿ ಎಂದು ಓದಿದ ಕೂಡಲೇ ಅವಳಿಗೆ ಮೈ ಜುಮ್ಮೆಂದಿತು, ಹೆದರಿಕೆಯಿಂದಲ್ಲ, ನಿಜ ಹೇಳಬೇಕೆಂದರೆ ಆಸೆಯಿಂದ. ಹಾಗಾದರೆ ಆ ಮರಕ್ಕೆ ಒರಗಿ ಕೂತವನ ಕತ್ತಿಯದು. ಸತ್ತವನಿಂದಲೋ ಸಾಯುತ್ತಿದ್ದವನಿಂದಲೋ ಕಿತ್ತು ತಂದದ್ದನ್ನು ಎಳೇ ಕೂಸುಗಳ ತಲೆಯ ಕೆಳಗೆ ಇಟ್ಟಿದ್ದಾರೆ. ಒಬ್ಬರಲ್ಲ ಒಬ್ಬರನ್ನು ಅವನು ಬಲಿ ಕೇಳದೆ ಬಿಡುತ್ತಾನೆಯೇ? ನನ್ನ ಮಗಳನ್ನು ಕೇಳಿದ. ಅಷ್ಟೆ. ನನ್ನ ತೋಳಲ್ಲ, ನನ್ನ ಮೊಲೆಯಲ್ಲ, ನನ್ನ ನಿದ್ದೆಯಲ್ಲ. ಆ ರಾತ್ರಿ ಎಷ್ಟೋ ವರ್ಷದ ಮೇಲೆ ಅವಳಿಗೆ ಗಡದ್ದಾಗಿ ನಿದ್ದೆ ಬಂತು. ಅಲ್ಲಿಂದ ಅವನು ಅವಳ ಜೊತೆಗೇ ಇರತೊಡಗಿದ. ಬರಿಗಾಲಿನವನು, ಏನೂ ಅನ್ನದವನು. ಸ್ಟಾಫ್ ರೂಮಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದ. ಅವಳು ಅವನ ಮೇಲೆ ದೂರು ಹೊರಿಸಿದ್ದಕ್ಕೆ ಅವನಿಗೆ ಸಿಟ್ಟೂ ಇದ್ದಂತಿರಲಿಲ್ಲ.

ಸುನೀತಾಳಿಗೆ ತವರಲ್ಲಿ ತಾಯಿಯಿಲ್ಲ, ಬಾಣಂತನ ಇಲ್ಲೇ ಆಯಿತು. ಕೂಸನ್ನು ಮನೆಗೆ ತಂದ ದಿನ ಅವ್ವ ಬಿಲ್ಲೆ ತಿಕ್ಕಲು ಕೂತಾಗ ಅನಿತಾ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಮಗು ಕಳೆದುಕೊಂಡವಳು ಬೇಡ ಎಂದರೆ ಜನ ಏನೆಂದುಕೊಳ್ಳುತ್ತಾರೆ? ಮೊದಲೇ ಯಾರೋ ಒಬ್ಬ ಅತ್ತಿಗೆ ಕೂಸನ್ನು ಅವಳ ಕೈಗೆ ಕೊಡುವ ಸರದಿ ಬಂದಾಗ, ಇರಲಿ ಇರಲಿ, ನಿದ್ದೆ ಬಂದೈತೆ, ಎಂದು ದಾಟಿಸಿಕೊಂಡು ಹೋಗಿದ್ದಳು. ಹೀಗಾಗಿ ದೂರದಿಂದಲೇ ನೋಡಿದಳು. ಆ ಬಿಲ್ಲೆಯ ಮೇಲೆ ತಲೆಯಿಟ್ಟು ಕೂಸು ಹಾಲು ಕುಡಿಯಿತು, ಆಕಳಿಸಿತು, ಗುಂಡಗಾಯಿತು. ದಿನ ಹೋದ ಹಾಗೆ ಅನಿತಾಳಿಗೆ ಸಂಕಟ ಹೆಚ್ಚಿತು. ಇದು ಹೀಗೆ ಚೆನ್ನಾಗಿಯೇ ಬೆಳೆದರೆ ಬಿಲ್ಲೆಯಲ್ಲಿ ಕೇಡಿಲ್ಲ ಎಂದಾಯಿತು. ಬಿಲ್ಲೆಯಲ್ಲಿ ಕೇಡಿಲ್ಲವೆಂದರೆ? ಮೊನ್ನೆ ಕೂಸು ಒಮ್ಮೆ ಸೀನಿತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅವಳ ಕೈ ನಿಂತಿತು, ಕಿವಿ ನಿಮಿರಿತು, ಇನ್ನೊಂದು ಸೀನಿಗೆ, ಒಂದು ಕೆಮ್ಮಿಗೆ ತಾನು ಕಾಯುತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಕಾಯುತ್ತಿದ್ದಳು, ಸುಳ್ಳಲ್ಲ. ಎಳೇ ಕೂಸಿಗೆ ಏನಾದರೂ ಆಗಲಿ ಎಂದು ಅವಳ ಎದೆಯೊಳಗೆ ಯಾರೋ ಹಣತೆ ಹಚ್ಚಿ ಕೂತಿದ್ದರು. ಬಿಲ್ಲೆಯನ್ನು ಎತ್ತಿಕೊಂಡು ಬಂದದ್ದು ಕೂಸನ್ನು ಕಾಪಾಡಲಿಕ್ಕೋ, ತನ್ನನ್ನು ತನ್ನಿಂದ ಕಾಪಾಡಿಕೊಳ್ಳಲಿಕ್ಕೋ ಎಂದು ಬಸವಾಪಟ್ಟಣದ ಹೆಂಗಸರು ಚೀಲ ಬುಟ್ಟಿ ಸಮೇತ ಬಸ್ಸು ಹತ್ತಿ ಅವಳನ್ನು ಕಿಟಕಿಗೆ ಒತ್ತುವವರೆಗೂ ಯೋಚಿಸಿದಳು. ಮುಂದಿನ ಸೀಟಿನಲ್ಲಿ ಒಬ್ಬ ಕಣ್ಣು ಬಿಟ್ಟುಕೊಂಡೇ ತೂಕಡಿಸುತ್ತಿದ್ದ. ಅವನ ಕಾಲು ನೋಡಿದಳು. ಹವಾಯಿ ಚಪ್ಪಲಿ ಇತ್ತು.

ಚನ್ನಗಿರಿಯಲ್ಲಿ ಕೋಟೆಯ ಬುಡದ ಬೀದಿಯಲ್ಲಿ ಮಹೇಶ್ವರಪ್ಪನವರ ಮನೆ. ಮುಂಬಯಿಯ ಒಂದು ಮ್ಯೂಸಿಯಮ್ಮಿನಲ್ಲಿ ಆಯುಧಗಳ ವಿಭಾಗ ನೋಡಿಕೊಂಡಿದ್ದು, ನಿವೃತ್ತರಾದ ಮೇಲೆ ಊರು ಸೇರಿದವರು. ಶಾಲೆಯ ಇತಿಹಾಸದ ಮೇಷ್ಟರು ಹಾಲಸ್ವಾಮಿ ಅವರ ನಂಬರು ಕೊಟ್ಟಿದ್ದರು. ಬಾಗಿಲಲ್ಲೇ, ಬರ್ರಿ ಟೀಚರಮ್ಮ, ಕುಂದ್ರಿ, ಎಂದವರು, ಅನಿತಾ ಕರ್ಚೀಫು ಬಿಚ್ಚಿದ ಕೂಡಲೇ ಬಿಲ್ಲೆ ಎತ್ತಿಕೊಂಡು ನೋಡಿದರು. ಆಮೇಲೆ ಹಣೆ ಬಡಿದುಕೊಂಡರು.

"ಯಾರ್ರೀ ಇದನ್ನ ಹಿಂಗೆ ತಿಕ್ಕಿದ್ದು?"

"ನಾವೇ ಸಾರ್. ಮನೆಯಾಗೆ ಹೆರಿಗೆ ಆದಾಗೆಲ್ಲ ತಿಕ್ತೀವಿ."

"ಹುಣಸೆಹಣ್ಣು?"

"ಬೂದಿನೂ."

"ಹಿತ್ತಾಳೆ ಚೊಂಬು ತಿಕ್ಕಿದಂಗೆ ತಿಕ್ಕೀರಲ್ಲ ತಾಯಿ. ಇದರ ಜೀವ ಇರೋದೇ ಮೇಲಿನ ಕರೀ ತುಕ್ಕಿನಾಗೆ. ತಲೆತಲಾಂತರ ಕೈ ಆಡಿ ಆಡಿ ಕೂತ ಬಣ್ಣ ಅದು. ಅದನ್ನ ನೋಡೇ ಯಾವ ಊರಿನ ಕೆಲಸ ಅಂತ ಹೇಳಬೇಕು. ಈಗ ಇದಕ್ಕೆ ಮುಖಾನೇ ಇಲ್ಲ."

ಅನಿತಾಳಿಗೆ ನಾಚಿಕೆಯಾಯಿತು. ಶಾಲೆಯಲ್ಲಿ ಮಕ್ಕಳ ಮುಂದೆ ಬೈಸಿಕೊಂಡ ಹಾಗೆ ಕಿವಿ ಬಿಸಿಯಾದವು. ಒಳಗಿನಿಂದ ಅವರ ಹೆಂಡತಿ ಕಸ್ತೂರಮ್ಮ ಮಂಡಕ್ಕಿ ತಟ್ಟೆ ತಂದಿಟ್ಟು, ಅವಳ ಪಕ್ಕದಲ್ಲೇ ಕೂತು, ನಿಮಗೆ ಎಷ್ಟು ಮಕ್ಕಳವ್ವ, ಎಂದರು. ಕೇಳುವವರ ತಪ್ಪೇನೂ ಇಲ್ಲ, ಹೆಂಗಸರು ಹೆಂಗಸರನ್ನು ಕೇಳುವ ಮೊದಲ ಮಾತೇ ಅದು. ಒಂದು, ಎಂದಳು ಅನಿತಾ. ಹೆಣ್ಣೋ ಗಂಡೋ? ಹೆಣ್ಣು. ಎಷ್ಟನೇ ಕ್ಲಾಸು? ಅನಿತಾ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಲೆಕ್ಕ ಮಾಡಿದಳು. ನಾಲ್ಕನೇ ಕ್ಲಾಸು, ಎಂದಳು. ಹೇಳಿದ ಕೂಡಲೇ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಂತಾಗಿ ಅನಿತಾ ತಟ್ಟೆ ಸರಿಸಿದಳು.

ಮಹೇಶ್ವರಪ್ಪ ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ಭೂತಗನ್ನಡಿ ಒತ್ತಿ, ಟಾರ್ಚು ಹಾಕಿ, ಕೊರೆದ ಸಂದುಗಳ ಒಳಗೋಡೆ ನೋಡತೊಡಗಿದರು. ಅಲ್ಲಿಗೆ ನಿಮ್ಮ ಹುಣಸೆಹಣ್ಣು ಹೋಗಿಲ್ಲ, ಸದ್ಯ, ಎಂದರು. ಅಲ್ಲಿ ಕಪ್ಪು ಉಳಿದಿತ್ತು, ಎಣ್ಣೆ ಸವರಿದಂಥ ಆಳವಾದ ಕಪ್ಪು. ಮೂಲೆಗಳಲ್ಲಿ ಹಳದಿಯ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಇದೇನಿದು ಹಳದಿ,‌ ಎಂದು ಸೂಜಿಯಿಂದ ಕೆರೆಯಲು ಹೋದವರ ಕೈಯನ್ನು ಅನಿತಾ ಹಿಡಿದೇಬಿಟ್ಟಳು. ಗಂಡಸರ ಕೈ ಹಿಡಿದದ್ದು ಅರಿವಾಗಿ ಬಿಟ್ಟಳು.

"ಅರಿಶಿನ ಸಾರ್. ಹುಟ್ಟಿದ ಕೂಸುಗಳದು. ಇರಲಿ ಬಿಡ್ರಿ."

ಅವರು ಅವಳ ಮುಖವನ್ನೊಮ್ಮೆ ನೋಡಿ ಸೂಜಿ ಕೆಳಗಿಟ್ಟರು. ಆಮೇಲೆ ಪಾಠ ಹೇಳುವಂತೆ ಹೇಳಿದರು. ನಡುವಿನ ಸೀಳು ಕತ್ತಿಯ ಅಲಗು ಹಾಯುವ ದಾರಿ. ಆಚೀಚೆಯ ಕಿಂಡಿಗಳಲ್ಲಿ ಒಂದು ಸಣ್ಣ ಚಾಕುವಿಗೆ, ಒಂದು ಕೂದಲು ತಿದ್ದಿಕೊಳ್ಳುವ ಕಡ್ಡಿಗೆ. ಸಹಿ ಇಲ್ಲ. "ಜಪಾನಿನಾಗೆ ಊರಿಗೊಂದು ಕಮ್ಮಾರರ ಪಂಗಡ, ಪಂಗಡಕ್ಕೊಂದು ಕೈ. ಓವಾರಿ ಅಂತ ಒಂದೈತೆ. ಅವರದಾದ್ರೆ ಅಂಚಿನಾಗೆ ಮೂಳೆ ಎದ್ದಂಗೆ ಕಬ್ಬಿಣದ ಗಂಟು ಸಿಗ್ತವೆ. ಬೆರಳಾಡಿಸಿ ನೋಡ್ರಿ, ಐತಾ?" ಅನಿತಾ ಕಣ್ಣು ಮುಚ್ಚಿ ಬೆರಳಾಡಿಸಿದಳು. ಇರಲಿಲ್ಲ. "ಕ್ಯೋಟೋದವರದಾದ್ರೆ ಗೆರೆ ಇನ್ನೂ ಸಣ್ಣ, ಒಡವೆ ಕೆಲಸದಂಗೆ. ಇದು ಹಂಗಲ್ಲ, ತಟ್ಟೆ ದಪ್ಪ, ಅಂಚು ದುಂಡಗೆ ಬಾಗೈತೆ, ಗೆರೆಯಾಗೆ ಒಂದು ಬಿಗಿ ಐತೆ. ಅಕಸಾಕಾ ಅಂತಾರೆ, ಆ ಪಂಗಡದ್ದು ಅಂತ ನನ್ನ ಮನಸ್ಸು ಹೇಳ್ತದೆ. ಇನ್ನೂರು ವರ್ಷದ ಮೇಲೇ ಆಗೈತೆ. ಮೈ ತಿಕ್ಕಿ ಹಾಕಿದ್ದಕ್ಕೆ ಆಣೆ ಮಾಡಿ ಹೇಳಾಕೆ ಆಗಲ್ಲ."

"ಈ ಚಿತ್ರ ಏನು ಸಾರ್?" ಅವಳು ಬಂದದ್ದೇ ಇದನ್ನು ಕೇಳಲು. ಚಿಕ್ಕವಳಿದ್ದಾಗ ಅದರಲ್ಲಿ ಅವಳಿಗೆ ಕಂಡದ್ದು ಹೆಡೆ. ದೊಡ್ಡವಳಾದ ಮೇಲೆ ಪಕ್ಕೆಲುಬು. ಪೆನ್ಸಿಲಿನಿಂದ ಹಾಳೆಯ ಮೇಲೆ ಉಜ್ಜಿ ಅಚ್ಚು ತೆಗೆದು ನೋಡಿದಾಗ, ಹಲ್ಲು. ಎಷ್ಟೋ ಸಲ ಅದನ್ನು ಬರೆದಿದ್ದಳು, ಪ್ರತಿಸಲವೂ ಇನ್ನಷ್ಟು ಕೆಟ್ಟದಾಗಿ ಬಂದಿತ್ತು. ಅದು ಏನಾದರೂ ಒಂದು ಕೆಟ್ಟದ್ದೇ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು.

ಮಹೇಶ್ವರಪ್ಪ ಬಿಲ್ಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಲೆಕೆಳಗು ಮಾಡಿದರು. "ಉಲ್ಟಾ ಹಿಡ್ದೀರಿ ನೀವು. ಸೀಳಿನ ಚೂಪು ತುದಿ ಮೇಲೆ ಬರಬೇಕು. ಈಗ ನೋಡ್ರಿ. ಇದು ಹಗ್ಗ. ಹಗ್ಗಕ್ಕೆ ತೂಗು ಹಾಕಿದ ಹಲಗೆ. ಹಲಗೆ ಮೇಲೆ ಬಿದಿರಿನ ತುಂಡು. ಕೆಳಗೆ ಬಾಗಿರೋದು ಭತ್ತದ ತೆನೆ. ಹಗ್ಗ ಎಳೆದ್ರೆ ಬಿದಿರು ಹಲಗೆಗೆ ಬಡಿದು ಲೊಟಲೊಟ ಅಂತೈತೆ. ಗದ್ದೆಗೆ ಬಿದ್ದ ಹಕ್ಕಿ ಓಡ್ಸಾಕೆ. ನಮ್ಮೋರು ಡಬ್ಬ ಕಟ್ಟಲ್ವಾ, ಹಂಗೇ. ಕತ್ತಿ ಮ್ಯಾಲೆ ಹೊಲ ಕಾಯೋ ಸಾಮಾನು! ಎಂಥ ಮನುಷ್ಯ ಇದ್ದನೋ ಇದನ್ನ ಹಾಕಿಸ್ಕಂಡೋನು."

ಅನಿತಾ ನೋಡಿದಳು. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣಲಿಲ್ಲ. ಹಗ್ಗ, ಹಲಗೆ, ತೆನೆ. ಹೆಡೆ ಎಲ್ಲಿ ಹೋಯಿತು, ಹಲ್ಲು ಎಲ್ಲಿ ಹೋಯಿತು? ಅವಳಿಗೆ ಮೋಸವಾದ ಹಾಗೆ ಅನ್ನಿಸಿತು, ಇವರು ಬೇಕೆಂದೇ ಅದಕ್ಕೆ ಒಳ್ಳೆಯ ಮಾತು ಹೇಳುತ್ತಿದ್ದಾರೆ ಅನ್ನಿಸಿತು.

"ಇದರ ಒಡೆಯನ್ನ ಕೊಂದು ತಂದದ್ದಾದ್ರೆ ಸಾರ್? ಅಂಥದು ಮನೆಯಾಗೆ ಇಟ್ಕಂಡ್ರೆ ಕೆಟ್ಟದಾಗಲ್ವಾ?"

"ಕೊಂದರೋ ಬಿದ್ದದ್ದು ಎತ್ಕಂಡರೋ ಕಬ್ಬಿಣ ಹೇಳಲ್ಲ ತಾಯಿ. ಒಂದು ಮಾತ್ರ ಹೇಳ್ತೀನಿ. ಕಡಿಯೋದು ಅಲಗು, ಇದಲ್ಲ. ಇದು ಕೈ ಮುಂದಕ್ಕೆ ಜಾರದಂಗೆ, ಎದುರಾಳಿ ಅಲಗು ಬೆರಳಿಗೆ ಬರದಂಗೆ ತಡೆಯಾಕೆ ಇರೋದು. ನಿಮ್ಮ ಅಜ್ಜಿ ಗೊತ್ತಿಲ್ಲದೇನೇ ಸರಿಯಾದ ಕೆಲಸಕ್ಕೆ ಹಚ್ಚ್ಯಾರೆ ಅದನ್ನ."

ಅವರು ಸಂತೋಷದಿಂದ ಹೇಳಿದರು. ಅವಳ ಕಾಲ ಕೆಳಗಿನ ಚಾಪೆ ಎಳೆದಂತಾಯಿತು. ಸಾಕ್ಷಿ ಹೇಳಲು ಕರೆತಂದವನೇ ಆರೋಪಿಯ ಕಡೆ ನಿಂತ. ಹಾಗಾದರೆ ಆ ಬರಿಗಾಲಿನವನಲ್ಲ. ಅವನು ಹಕ್ಕಿ ಓಡಿಸುವವನು. ಉಳಿದವರು ಯಾರು? ಆ ಕೋಣೆಯಲ್ಲಿ ಆ ರಾತ್ರಿ ಇದ್ದವರು ಮೂವರು, ಕೂಸು, ಬಿಲ್ಲೆ, ತಾನು. ಆಗಲೇ ಫೋನು ಬಡಿದುಕೊಂಡಿತು. ಓಂಕಾರ.

"ಅಕ್ಕ, ಎಲ್ಲಿದೀಯ? ಕೂಸು ಹಳದಿ ಆಗೈತೆ ಕಣಕ್ಕ. ಹಾಲು ಕುಡಿಯಾಕೆ ಒಲ್ಲದು, ಎಬ್ಬಿಸಿದ್ರೂ ಕಣ್ಣು ಬಿಡವಲ್ಲದು. ಅವ್ವ ದಿನಾ ಅರಿಶಿನ ಹಚ್ಚಿ ನೀರು ಹಾಕೋದು ನೋಡು, ಯಾರಿಗೂ ಗೊತ್ತೇ ಆಗಲಿಲ್ಲ. ಹೊನ್ನಾಳಿ ಆಸ್ಪತ್ರೆಗೆ ಹೊಂಟೀವಿ."

ವಾಪಸು ಬಸ್ಸಿನಲ್ಲಿ ಕೂತದ್ದು, ಟಿಕೆಟು ತೆಗೆದದ್ದು ಅವಳಿಗೆ ನೆನಪಿಲ್ಲ. ಮಹೇಶ್ವರಪ್ಪ, ಫೋಟೋ ತೆಗೀತೀನಿ, ಒಂದು ದಿನ ಬಿಟ್ಟು ಹೋಗ್ರಿ, ಎಂದದ್ದಕ್ಕೆ ಕಸಿದುಕೊಂಡ ಹಾಗೆ ತೆಗೆದುಕೊಂಡು ಬಂದಿದ್ದಳು. ಬಿಲ್ಲೆ ಈಗ ಬ್ಯಾಗಿನಲ್ಲಿ ಕಲ್ಲಿನ ಹಾಗೆ ತೂಗುತ್ತಿತ್ತು. ಇದು ಇದ್ದಾಗ ಗುಂಡಗಿದ್ದ ಕೂಸು ಇದನ್ನು ತೆಗೆದ ದಿನವೇ ಕಾಯಿಲೆ ಬಿದ್ದಿದೆ. ಹಕ್ಕಿ ಓಡಿಸುವವನನ್ನು ಎಬ್ಬಿಸಿಕೊಂಡು ಬಂದಳು, ಹಕ್ಕಿ ಗದ್ದೆಗಿಳಿಯಿತು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ದೊಡ್ಡದಾಗಿ ಮಾತಾಡುವವಳು ಬಸ್ಸಿನ ಕಂಬಿ ಹಿಡಿದುಕೊಂಡು, ಉಳಿಸು, ಇದೊಂದು ಸಲ ಉಳಿಸು ಎಂದು ಯಾರಿಗೋ ಹೇಳುತ್ತಿದ್ದಳು. ದೇವರಿಗಲ್ಲ, ಆ ಬರಿಗಾಲಿನವನಿಗೇ ಇರಬೇಕು. ಹೀಗೆ ಬೇಡುವಾಗಲೂ ಅವಳಿಗೆ ಗೊತ್ತಿತ್ತು, ಕೆಮ್ಮಿಗೆ ಕಾದವಳು ತಾನೇ. ಬೇಡಿದ್ದು ಸಿಕ್ಕಿತು, ಇನ್ನು ಕಣ್ಣೀರು ಯಾತಕ್ಕೆ? ಹೊಳೆ ದಾಟುವಾಗ ಒಂದು ಕ್ಷಣ ಬ್ಯಾಗನ್ನೇ ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಅದರಲ್ಲಿ ಮಕ್ಕಳ ಚಿತ್ರಗಳಿದ್ದವು.

ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನೀಲಿ ಬೆಳಕಿನ ಕೆಳಗೆ ಕೂಸು ಕೈಕಾಲು ಬಿಟ್ಟು ಮಲಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಸುನೀತಾ ಪೆಟ್ಟಿಗೆಗೆ ಕೈ ಆನಿಸಿಕೊಂಡು ಕೂತಿದ್ದಳು. ಅನಿತಾಳನ್ನು ನೋಡಿ, ಅಕ್ಕ, ಈಗ ಹಾಲು ಕುಡೀತು, ಕಾಮಾಲೆಯಂತೆ, ಬಾಳ ಕೂಸಿಗೆ ಬರ್ತೈತಂತೆ, ಎರಡು ದಿನ ಲೈಟಿನ ಕೆಳಗೆ ಇಟ್ರೆ ಇಳೀತೈತೆ ಅಂದ್ರು ಡಾಕ್ಟ್ರು, ಎಂದು ಒಂದೇ ಉಸಿರಿಗೆ ಹೇಳಿ ಅತ್ತಳು. ಅನಿತಾಳೂ ಅತ್ತಳು. ಅವಳ ಅಳುವಿನ ಅರ್ಥ ಬೇರೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಅವ್ವ ಬಾಗಿಲಿನಿಂದ ಕೈಮಾಡಿ ಕರೆದಳು.

ಹೊರಗೆ ನಲ್ಲಿಯ ಹತ್ತಿರದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವ್ವ ಮುಷ್ಟಿ ಬಿಚ್ಚಿದಳು. ಅರಿಶಿನದ ಬಟ್ಟೆ, ಅದರೊಳಗೆ ವಾಷರ್.

"ಆಸ್ಪತ್ರೆಗೆ ಅಂತ ದಿಂಬು ತಗಳಾಕೆ ಹೋದೆ, ಸಿಕ್ತು. ನಿನ್ ಹತ್ರ ಐತಾ?"

ಅನಿತಾ ಬ್ಯಾಗು ತೋರಿಸಿದಳು.

"ಸುನಿಗೆ ಹೇಳಿಲ್ಲ. ತೊಳ್ಯಾಕೆ ತೆಗೆದಿಟ್ಟೀನಿ ಅಂದೆ."

"ಅವ್ವ, ನಾನು..."

"ಯಾಕೆ ತಗಂಡೆ ಅಂತ ನಾನು ಕೇಳಲ್ಲ. ಕೇಳಾಕೆ ನನಗೆ ಬಾಯಿ ಎಲ್ಲೈತೆ?" ಅವ್ವ ವಾಷರನ್ನೇ ನೋಡುತ್ತಿದ್ದಳು. "ಇದನ್ನ ನೋಡಿದ ಕೂಡ್ಲೆ ನನ್ ಎದೆ ಧಸಕ್ ಅಂತು ಕಣೇ. ನಾನೂ ಹಿಂಗೇ ಮಾಡಿದ್ದೆ. ನಿನ್ ಬಾಣಂತನದಾಗೆ ಬಿಲ್ಲೆ ಇರ್ಲಿಲ್ಲ."

ಅನಿತಾಳಿಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಸುಣ್ಣ ಬಳಿವಾಗ ಎಲ್ಲೋ ಎತ್ತಿಟ್ಟಿದ್ದೆ, ನೀನು ಹೆತ್ತ ದಿನ ಮನೆಯೆಲ್ಲ ಹುಡುಕಿದೆ, ಸಿಗ್ಲೇ ಇಲ್ಲ. ಹೇಳಿದ್ರೆ ನಿನ್ ಅಪ್ಪ ಕೂಗಾಡ್ತಾರೆ, ನೀನು ಹೆದರ್ತೀಯ ಅಂತ ಅಡಕೊತ್ತು ಸುತ್ತಿ ಇಟ್ಟೆ. ಕೂಸನ್ನ ಮಣ್ಣು ಮಾಡಿ ಬಂದ ಮೇಲೆ, ರಾಗಿ ಡ್ರಮ್ಮಿನಾಗೆ ಕೈ ಹಾಕ್ತೀನಿ, ಅಲ್ಲೇ ಐತೆ." ಅವ್ವನ ಧ್ವನಿ ಒಡೆಯಿತು. "ಎಲ್ರೂ ನಿನ್ನ ಅಂತಿದ್ರು. ನನಗೆ ಗೊತ್ತಿತ್ತು, ನಿನ್ ತಪ್ಪಲ್ಲ, ನಂದು. ಒಂದು ದಿನ ಬಾಯಿಬಿಟ್ಟು ಹೇಳಾಕೆ ಆಗಲಿಲ್ಲ. ನಿನ್ ಮಗಳನ್ನ ನಾನೇ ಕೊಂದೆ ಕಣೇ ಅನಿ."

ಅನಿತಾಳಿಗೆ ಮೊದಲು ಬಂದದ್ದು ನಗು. ಆ ರಾತ್ರಿ ಕೋಣೆಯಲ್ಲಿ ಬಿಲ್ಲೆ ಇರಲೇ ಇಲ್ಲ. ಅವಳು ಒಂದು ದಿನವೂ ದಿಂಬು ಎತ್ತಿ ನೋಡಿರಲಿಲ್ಲ, ಇದ್ದೇ ಇರುತ್ತದಲ್ಲ ಎಂದು. ಒಂದು ವರ್ಷ ಆ ಬರಿಗಾಲಿನವನನ್ನು ಬೆನ್ನು ಹತ್ತಿಸಿಕೊಂಡು ತಿರುಗಿದ್ದಳು, ಅವನೋ ಆ ರಾತ್ರಿ ರಾಗಿಯಲ್ಲಿ ಹೂತುಹೋಗಿದ್ದ. ಆಮೇಲೆ ಇನ್ನೊಂದು ಅರಿವಾಯಿತು, ಅದಕ್ಕೆ ನಗು ಬರಲಿಲ್ಲ. ಅವ್ವ ತನ್ನನ್ನು ಬೈಯದೆ ಉಳಿದದ್ದು ಪ್ರೀತಿಗೆ ಎಂದುಕೊಂಡಿದ್ದಳು. ಇರಬಹುದು, ಪ್ರೀತಿಯೂ ಇರಬಹುದು. ಆದರೆ ಅವ್ವ ಒಂಬತ್ತು ವರ್ಷ ಊಟ ಬಿಟ್ಟು ಸೊರಗಿದ್ದು ಯಾಕೆ, ಈಗ ಸುನೀತಾಳ ಕೂಸು ಅತ್ತರೆ ಎತ್ತಿಕೊಳ್ಳುವ ಮೊದಲು ದಿಂಬಿನ ಕೆಳಗೆ ಕೈಹಾಕಿ ನೋಡುತ್ತಿದ್ದದ್ದು ಯಾಕೆ ಎಂದು ಈಗ ತಿಳಿಯಿತು. ಕಬ್ಬಿಣಕ್ಕೆ ಏನೂ ಗೊತ್ತಿಲ್ಲ ಅವ್ವ, ಅದು ಬರೀ ಕಬ್ಬಿಣ, ಎಂದು ಹೇಳಬಹುದು. ಅವ್ವ ಕೇಳುವವಳಲ್ಲ. ಅವ್ವನಿಗೆ ತಲುಪುವ ಮಾತು ಇರುವುದು ಒಂದೇ.

"ಇತ್ತು ಅವ್ವ," ಎಂದಳು.

"ಏನು?"

"ಬಿಲ್ಲೆ. ನನಗೆ ಮೊದ್ಲೇ ಸಿಕ್ಕಿತ್ತು. ನೀನು ನನಗೆ ಬರೀ ಮೆಣಸಿನ ಸಾರು ಅನ್ನ ಹಾಕ್ತಿದ್ದೆ ನೋಡು, ಬೆಲ್ಲ ತಿನ್ನಾಕೆ ಆಸೆ ಆಗಿ, ನೀನಿಲ್ಲದಾಗ ಡ್ರಮ್ಮಿಗೆ ಕೈ ಹಾಕಿದ್ದೆ. ನೀನು ರಾಗಿಯಾಗೇ ಬೆಲ್ಲ ಬಚ್ಚಿಡ್ತಿದ್ದಲ್ಲ. ಆಗ ಸಿಕ್ತು. ಅಡಕೊತ್ತು ತೆಗೆದು ನಾನೇ ಇದನ್ನ ಇಟ್ಟಿದ್ದೆ. ಕೂಸು ಹೋದ ಮೇಲೆ ಸಿಟ್ಟು ಬಂದು ತಿರುಗಿ ಅಲ್ಲೇ ಬಿಸಾಕಿದೆ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಬೆಲ್ಲ ಕದಿಯಾಕೆ ಹೋಗಿದ್ದೇನೇ?"

"ಹೂಂ."

"ಹಂಗಾರೆ ಇತ್ತು? ಕೂಸಿನ ತಲೆ ಕೆಳಗೇ ಇತ್ತು?"

"ಇತ್ತು ಅವ್ವ. ಆ ರಾತ್ರಿನೂ ಇತ್ತು."

ಅವ್ವ ಸಣ್ಣಗೆ, ಅಳುವೋ ನಗುವೋ ತಿಳಿಯದಂಥ ಸದ್ದು ಮಾಡಿದಳು. ಯಾವುದೋ ದೇವರ ಹೆಸರು ಹೇಳಿ ಕೈ ಮುಗಿದಳು. ಅವಳ ಹೆಗಲು ಇಳಿದವು, ಮುಖದ ಗೆರೆಗಳು ಸಡಿಲವಾದವು, ನೋಡುನೋಡುತ್ತಲೇ ಹಗುರಾದಳು. ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು, ಬೊಗಸೆಯಲ್ಲಿ ನೀರು ಕುಡಿದಳು, ಅಬ್ಬ ಎಂದಳು. ಅನಿತಾ ಅದನ್ನು ನೋಡುತ್ತ ಕೂತಳು, ಅವಳಿಗೂ ಸಂತೋಷವಾಯಿತು, ನಿಜವಾಗಿಯೂ ಆಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಅವ್ವನ ಕೈ ನಿಧಾನವಾಯಿತು. ಸೆರಗು ಕೆಳಗಿಳಿದಾಗ ಅವ್ವನ ಕಣ್ಣು ಅವಳ ಮೇಲೆ ನಿಂತಿತ್ತು. ಜಗಳೂರಿನ ಅತ್ತೆಯ ಕಣ್ಣಲ್ಲಿ, ಬೀದಿಯವರ ಕಣ್ಣಲ್ಲಿ ಎಷ್ಟೋ ಸಲ ಕಂಡಿದ್ದ ನೋಟ ಅದು. ಅವ್ವನ ಕಣ್ಣಲ್ಲಿ ಕಂಡದ್ದು ಇದೇ ಮೊದಲು. ಅವ್ವನಿಗೇ ಅದು ಬಂದದ್ದು ತಿಳಿದಿರಲಿಲ್ಲ.

"ಹಂಗಾರೆ," ಎಂದಳು ಅವ್ವ ಮೆಲ್ಲಗೆ, "ಅವತ್ತು ನಿನಗೆ ನಿದ್ದೆ ಹತ್ತಿತ್ತೇನೇ, ಅನಿ?"

ಹೂಂ, ಎಂದಳು ಅನಿತಾ.